ಗೋಧಿ ಲಾರಿಗಳ ಅಂಗಳ

ಬ್ರೇಕು ತಣ್ಣಗಾಗಲು ನಲವತ್ತು ನಿಮಿಷ ಬೇಕು. ನೀರು ಹಾಕಿದರೆ ಬಿರುಕು ಬಿಡುತ್ತದೆ, ಸುಮ್ಮನೆ ಕಾಯಬೇಕು. ಘಾಟಿ ಇಳಿದ ಲಾರಿಗಳು ಅದಕ್ಕಾಗಿ ನಿಲ್ಲುವ ಅಂಗಳವೊಂದು ಪಾಕಿಸ್ತಾನದಲ್ಲಿ, ಅಫ್ಘಾನಿಸ್ತಾನದ ಗಡಿಯ ಹತ್ತಿರ ಇತ್ತು. ಅದರ ಯಜಮಾನ ನನ್ನ ರೂಮ್‌ಮೇಟಿನ ಚಿಕ್ಕಪ್ಪ. ಅವಳು ಕ್ವೆಟ್ಟಾದವಳು, ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ನಾವು ಹಿಂದಿಯಲ್ಲಿ ಮಾತಾಡುತ್ತಿದ್ದೆವು, ಅವಳು ಅದನ್ನು ಉರ್ದು ಎನ್ನುತ್ತಿದ್ದಳು.

ಮನೆಮನೆಗೆ ದಿನಸಿ ತಲುಪಿಸುವ ವ್ಯಾನುಗಳಿಗೆ ದಾರಿ ಹಾಕಿಕೊಡುವ ಪ್ರೋಗ್ರಾಂ ನಮ್ಮ ಕಂಪನಿಯದು. ಡಾಟ್‌ಕಾಂ ಕಂಪನಿಗಳು ಒಂದೊಂದಾಗಿ ಮುಚ್ಚಿ ಗಿರಾಕಿಗಳೇ ಉಳಿದಿರಲಿಲ್ಲ. ಅವಳಿ ಗೋಪುರಗಳು ಬಿದ್ದ ವರ್ಷದ ಚಳಿಗಾಲದಲ್ಲಿ ಮ್ಯಾನೇಜರು ಹೊಸ ಕೆಲಸ ತಂದರು: ಕರಾಚಿ ಬಂದರಿನಿಂದ ಅಫ್ಘಾನಿಸ್ತಾನಕ್ಕೆ ಗೋಧಿ. ಅವರು ಮಂಡ್ಯದವರು. ಆಫೀಸಿನಲ್ಲಿ ಕನ್ನಡ ಬರುತ್ತಿದ್ದುದು ನಮ್ಮಿಬ್ಬರಿಗೇ. ಅಪ್ಪನ ಆಪರೇಷನ್ ವಿಷಯವನ್ನು ನಾನು ಹೇಳಿಕೊಂಡದ್ದು ಅವರೊಬ್ಬರಿಗೆ.

"ನಿನ್ ರೂಮ್‌ಮೇಟು ಆ ಕಡೆಯೋಳಲ್ವೇನಮ್ಮ? ಕೇಳಿ ನೋಡು. ನಮ್ ಮ್ಯಾಪಲ್ಲಿ ಆ ಘಾಟಿ ಬರೀ ಒಂದು ಗೆರೆ."

"ಗೋಧಿ ಮಾತ್ರ ತಾನೇ ಸರ್?"

"ಗೋಧೀನೇ ಕಣಮ್ಮ. ಹಸಿದೋರಿಗೆ."

ಆ ರಾತ್ರಿ ನಾನು ಕೇಳಿದಾಗ ರೂಮ್‌ಮೇಟು ಗ್ರೋಸರಿಯ ಕಾಗದದ ಚೀಲದ ಮೇಲೆ ಚಿಕ್ಕಪ್ಪನ ಅಂಗಳವನ್ನು ಬಿಡಿಸಿ ತೋರಿಸಿದಳು: ಗೇಟು, ಬಾವಿ, ಗೋಡೆಗಂಟಿಕೊಂಡು ಮಕ್ಕಳು ಮಲಗುವ ಕೋಣೆ. ಪೆನ್ನು ಕೆಳಗಿಟ್ಟು ಕೇಳಿದಳು, "ಸೈನ್ಯದ ಡೀಸೆಲ್ ಅಲ್ಲ ತಾನೇ? ಅದು ಅಂತ ಗೊತ್ತಾದರೆ ಅಲ್ಲಿನವರು ಬೆಂಕಿ ಇಡ್ತಾರೆ. ಪಕ್ಕದವರ ಅಂಗಳ ಹಾಗೇ ಸುಟ್ಟುಹೋಯ್ತು."

"ಅಲ್ಲ," ಎಂದೆ. ಅಳತೆಗಳನ್ನೆಲ್ಲ ಸರಿಯಾಗಿ ಬರೆದುಕೊಂಡೆ.

ತಿಂಗಳಾದ ಮೇಲೆ ಸಾಗಣೆಯ ಗುತ್ತಿಗೆದಾರರ ಕಡೆಯ ಇಬ್ಬರು ಬಂದರು. ಮೀಟಿಂಗಿನಲ್ಲಿ ಮ್ಯಾನೇಜರು ಪರದೆಯ ಮೇಲೆ ಆ ಅಂಗಳವನ್ನು ದೊಡ್ಡದು ಮಾಡಿ ತೋರಿಸಿದರು. ಒಳಗೆ ಹನ್ನೆರಡು ಟ್ಯಾಂಕರು. ಸರಕು: ಡೀಸೆಲ್. ತಲುಪಬೇಕಾದದ್ದು: ಸೇನಾ ಶಿಬಿರ. ನಾನು ಬಾಯಿ ತೆರೆಯುವ ಮೊದಲೇ ಅವರು ಬಂದವರತ್ತ ನಗುತ್ತಲೇ ಕನ್ನಡದಲ್ಲಿ ಹೇಳಿದರು, "ಸುಮ್ನಿರಮ್ಮ. ಆಮೇಲೆ ಮಾತಾಡೋಣ."

ಬಂದವರು ನಕ್ಷೆಯ ಸಿ.ಡಿ. ತೆಗೆದುಕೊಂಡು ಹೋದರು. ನಾನು ಕೇಳಿದೆ, "ನಿಮಗೆ ಮೊದಲೇ ಗೊತ್ತಿತ್ತಾ ಸರ್?"

"ಮೊದಲೇ ಹೇಳಿದ್ದಿದ್ರೆ ನೀನು ಆ ಹುಡುಗೀನ ಕೇಳ್ತಿದ್ಯಾ?"

"ಅಲ್ಲಿ ಮಕ್ಕಳಿದ್ದಾರೆ ಸರ್."

"ಅವರೇನು ನಮ್ಮೋರಾ? ನಿಂಗ್ಯಾಕೆ ಅಷ್ಟು ಸಂಕಟ?" ಎಂದು ಬಿಸ್ಕತ್ತಿನ ತಟ್ಟೆಯನ್ನು ನನ್ನ ಕಡೆ ಸರಿಸಿದರು. "ಗೋಧೀನೂ ಹೋಗುತ್ತೆ ಬಿಡು, ಸುಳ್ಳೇನಲ್ಲ."

ಗೋಧಿ ಮಾತ್ರವೇ ಎಂದು ಅವತ್ತು ಇಂಗ್ಲಿಷಿನಲ್ಲಿ ಕೇಳಿದ್ದರೆ ನಾನು ಕಾಗದದ ಮೇಲೆ ಉತ್ತರ ಬರೆಸಿಕೊಳ್ಳುತ್ತಿದ್ದೆ. 'ಕಣಮ್ಮ' ಎಂದದ್ದಕ್ಕೆ ನಂಬಿದೆ. ಅದು ಅವರಿಗೆ ಗೊತ್ತಿತ್ತು.

ಆ ಸಂಜೆ ಅವಳು ಬಂದಾಗ ನಾನು ತಲೆನೋವೆಂದು ಬಾಗಿಲು ಹಾಕಿಕೊಂಡೆ.

ಮರುದಿನ ಬೆಳಿಗ್ಗೆ ಏಳಕ್ಕೆ, ಅವಳು ಕೆಲಸಕ್ಕೆ ಹೊರಡುವ ಮೊದಲು, ಅಡುಗೆಮನೆಯಲ್ಲಿ ನಿಂತು ಎಲ್ಲ ಹೇಳಿದೆ. ಅವಳು ನನ್ನ ಮುಖ ನೋಡಲಿಲ್ಲ. ಊರಿಗೆ ಫೋನು ಮಾಡುವ ಕಾಲಿಂಗ್ ಕಾರ್ಡು ತಂದು, ಅದರ ಮೇಲಿನ ಅಂಕಿಗಳನ್ನು ಒತ್ತಿ, ಆ ಕಡೆ ಎತ್ತಿಕೊಂಡ ಮೇಲೆ ಫೋನನ್ನು ನನಗೆ ಕೊಟ್ಟಳು. "ಚಾಚಾಗೆ ಉರ್ದು ಬರುತ್ತೆ. ನೀನೇ ಹೇಳು."

ಟ್ಯಾಂಕರುಗಳು ಬರುತ್ತವೆ, ಗೇಟು ತೆಗೆಯಬೇಡಿ, ಮಕ್ಕಳನ್ನು ಬೇರೆ ಕಡೆ ಮಲಗಿಸಿ ಎಂದೆ. ಮಾತಾಡುತ್ತಿರುವುದು ಯಾರು ಎಂದು ಅವರು ಕೇಳಿದರು.

ನಿಮ್ಮ ಅಂಗಳವನ್ನು ನಕ್ಷೆಗೆ ಹಾಕಿದವಳು ಎಂದು ಹೇಳಿದೆ.