ಮೊಳಕಾಲ್ಮೂರಿನ ರೇಷ್ಮೆ ಸಹಿ

ಚಿತ್ರದುರ್ಗದ ಬಸ್ ನಿಲ್ದಾಣ ಬಿಡುವಾಗಲೇ ಬಿಸಿಲು ಚುರುಗುಟ್ಟುತ್ತಿತ್ತು. ಬಸ್ಸಿನಲ್ಲಿ ಮುಕ್ಕಾಲು ಪಾಲು ಹೆಂಗಸರು. ಸರ್ಕಾರದ ಯೋಜನೆಯಲ್ಲಿ ಅವರಿಗೆ ಟಿಕೆಟ್ಟು ಉಚಿತ. ದುಡ್ಡು ಕೊಟ್ಟವನು ನಾನು, ನಿಂತವನೂ ನಾನೇ. ಚಳ್ಳಕೆರೆಗೆ ದಾರಿ ದೂರವೇನಲ್ಲ, ಹಾಗಾಗಿ ನನ್ನ ಗೊಣಗಾಟ ಮನಸ್ಸಿನೊಳಗೇ ಮುಗಿಯಿತು.

ನನ್ನ ಹವ್ಯಾಸ ಹೇಳಿದರೆ ಜನ ನಗುತ್ತಾರೆ. ತೀರಿಹೋದ ದಿವಾನರ, ಮಂತ್ರಿಗಳ, ಸ್ವಾತಂತ್ರ್ಯ ಹೋರಾಟದ ಮುಖಂಡರ ಸಹಿಗಳನ್ನು ಕೂಡಿಡುತ್ತೇನೆ. ಬೇರೆಯವರ ಬಳಿ ಅಂಥದ್ದಿದ್ದರೆ ನೋಡಿ, ಅಸಲಿಯೋ ಅಲ್ಲವೋ ಹೇಳಿ, ಬೆಲೆ ಕಟ್ಟಿ, ಬರೆದೂ ಕೊಡುತ್ತೇನೆ. "ಬದುಕಿದ್ದಾಗ ಅವರ ಮಾತನ್ನೇ ಯಾರೂ ಕೇಳಲಿಲ್ಲ, ಈಗ ಸಹಿ ಇಟ್ಕೊಂಡು ಏನ್ ಮಾಡ್ತೀರಿ?" ಎಂದು ನನ್ನ ಹೆಂಡತಿ ಕೇಳುತ್ತಾಳೆ. ಬೇರೆಯವರು ಬೀಡಿ ಸೇದುತ್ತಾರೆ, ನಾನು ಸಹಿ ನೋಡುತ್ತೇನೆ.

ಈ ಸಲ ಎರಡು ಮನೆಗಳಿಂದ ಕರೆ ಬಂದಿತ್ತು. ಮೊದಲನೆಯದು ಚಳ್ಳಕೆರೆಯ ಎಣ್ಣೆ ಮಿಲ್ಲಿನ ಮಹಾಲಿಂಗಪ್ಪನವರದು. ಮಿಲ್ಲಿನ ಹಿಂದೆಯೇ ಮನೆ. ಶೇಂಗಾ ಹಿಂಡಿಯ ವಾಸನೆ ಹಾಸಿಗೆ ದಿಂಬಿಗೂ ಹತ್ತಿದೆ. ನಡುಮನೆಯ ಗೋಡೆಯಲ್ಲಿ ದೊಡ್ಡ ಮುಖಂಡರೊಬ್ಬರ ಫೋಟೊ, ಕೆಳಗೆ ಅವರ ಸಹಿ, ಚೌಕಟ್ಟಿಗೆ ಗಂಧದ ಹಾರ. ಗಾಜು ಬಿಚ್ಚಿಸಿ ಭೂತಗನ್ನಡಿ ಹಿಡಿದೆ. ಪೆನ್ನಿನ ಗೆರೆ ಇರಬೇಕಾದಲ್ಲಿ ರಾಗಿ ಚೆಲ್ಲಿದಂತೆ ಸಣ್ಣ ಸಣ್ಣ ಚುಕ್ಕೆಗಳು ಕಂಡವು. ಅಚ್ಚಿನ ಮನೆಯಲ್ಲಿ ಸಾವಿರಗಟ್ಟಲೆ ಹೊಡೆದು ಹಂಚಿದ್ದರಲ್ಲಿ ಅದೂ ಒಂದು. ಹಾಗೆಂದು ಹೇಳಿದೆ.

"ಅಚ್ಚು ಹೊಡ್ದಿದ್ದಾ?" ಎಂದರು ಮಹಾಲಿಂಗಪ್ಪ. "ನಮ್ಮಪ್ಪ ಸಾಯೋಗಂಟ ದಿನಾ ಇದಕ್ಕೆ ಕೈ ಮುಗೀತಿದ್ರು. ಇರ್ಲಿ ಬಿಡ್ರಿ, ಗೋಡೆ ಬೋಳು ಕಾಣ್ತೈತೆ, ಮತ್ತೆ ನೇತಾಕಾನ. ನೀವು ಊಟಕ್ಕೆ ಏಳ್ರಿ."

ರೊಟ್ಟಿ, ಎಣ್ಣೆಗಾಯಿ, ಗಟ್ಟಿ ಮೊಸರು. ನಾನು ಕೈ ತೊಳೆಯುವಷ್ಟರಲ್ಲಿ ಫೋಟೊ ಮತ್ತೆ ಗೋಡೆ ಏರಿತ್ತು, ಹಾರದ ಸಮೇತ. ಸುಳ್ಳನ್ನು ಸುಳ್ಳೆಂದು ಹೇಳಿ ಇಷ್ಟು ಹಗುರಾಗಿ ಹೊರಬಂದದ್ದು ನನಗೆ ಅಪರೂಪ. ಆ ರಾತ್ರಿ ಲಾಡ್ಜಿನಲ್ಲಿ ಸೊಳ್ಳೆಗಳ ನಡುವೆಯೂ ಚೆನ್ನಾಗಿ ನಿದ್ದೆ ಮಾಡಿದೆ.

ಮರುದಿನ ಮೊಳಕಾಲ್ಮೂರಿನ ಬಸ್ಸು. ಚಳ್ಳಕೆರೆ ದಾಟಿದರೆ ಬಯಲು; ಅಲ್ಲೊಂದು ಇಲ್ಲೊಂದು ಜಾಲಿ, ಮಧ್ಯೆ ಗಾಳಿಗೆ ಏಳುವ ಕೆಂಧೂಳು. ಬಿ.ಜಿ. ಕೆರೆಯ ಬಳಿ ಕುರಿಹಿಂಡೊಂದು ರಸ್ತೆಗೆ ಇಳಿದು ಬಸ್ಸನ್ನು ನಿಲ್ಲಿಸಿತು. ಡ್ರೈವರು ಹಾರನ್ ಹೊಡೆಯಲೂ ಇಲ್ಲ, ಬೈಯಲೂ ಇಲ್ಲ, ಕೈಮೇಲೆ ಗಲ್ಲ ಇಟ್ಟು ಕೂತ. ಊರು ಹತ್ತಿರವಾದಂತೆ ಬಂಡೆಗುಡ್ಡಗಳು ಬಂದವು, ಸೆಕೆ ಇನ್ನೂ ಬಿಗಿಯಾಯಿತು. ಯಾಕೋ ಈ ಎರಡನೆಯ ಮನೆಯಿಂದ ನಿನ್ನೆಯಷ್ಟು ಹಗುರಾಗಿ ಹೊರಬರಲಾರೆ ಅನ್ನಿಸತೊಡಗಿತ್ತು.

ನಿಲ್ದಾಣಕ್ಕೆ ಪದ್ಮಾ ಬಂದಿದ್ದಳು. ಫೋನು ಮಾಡಿ ಕರೆಸಿದವಳು ಅವಳೇ. ತಂದೆ ಓಬಣ್ಣ ಸೀರೆ ನೇಯುವವರು, ಅವಳೂ ನೇಯುತ್ತಾಳೆ. ದಾರಿಯುದ್ದಕ್ಕೂ ವಿಷಯ ಹೇಳಿದಳು. ಓಬಣ್ಣ ಚಿಕ್ಕವರಿದ್ದಾಗ ಮುಖಂಡರೊಬ್ಬರು ಊರಿಗೆ ಬಂದು, ಅವರ ಮನೆಯ ಮಗ್ಗ ನೋಡಿದರಂತೆ. ಸ್ವಾತಂತ್ರ್ಯಕ್ಕಾಗಿ ಜೈಲು ಕಂಡು, ಆಮೇಲೆ ನಾಡನ್ನು ಆಳಿದವರು. ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಓಬಣ್ಣನ ತಂದೆ ನೇಯುತ್ತಿದ್ದ ಬಿಳಿ ರೇಷ್ಮೆಯ ಶಲ್ಯದ ಅಂಚಿನಲ್ಲಿ ತಮ್ಮ ಪೆನ್ನಿನಿಂದಲೇ ಸಹಿ ಹಾಕಿದರಂತೆ. "ಇದು ಮನೇದಲ್ಲ, ನಾಡಿಂದು. ಒಳ್ಳೆ ಜಾಗ ಸಿಕ್ಕಿದ ದಿನ ಕೊಡು" ಎಂದು ತಂದೆ ಸಾಯುವಾಗ ಓಬಣ್ಣನ ಕೈ ಹಿಡಿದು ಹೇಳಿದ್ದರು. ಈಗ ಆ ಮುಖಂಡರ ಸ್ಮಾರಕ ಭವನವೊಂದು ಆಗುತ್ತಿದೆ. ಭವನದವರು ಶಲ್ಯ ಇಟ್ಟುಕೊಂಡು ಕೆಳಗೆ ಅಜ್ಜನ ಹೆಸರು ಬರೆಸಲು ಒಪ್ಪಿದ್ದಾರೆ. ಸಹಿ ಅಸಲಿ ಎಂದು ನಾನು ಬರೆದುಕೊಟ್ಟರೆ ಸಾಕು.

"ನಾಯನ ಮೂರು ದಿನದಿಂದ ಸರಿಯಾಗಿ ಮಲಗಿಲ್ಲ ಸಾರ್" ಎಂದಳು. ತಂದೆಗೆ ಅವರ ಮನೆಯಲ್ಲಿ ನಾಯನ ಎನ್ನುತ್ತಾರೆ, ಮನೆಮಾತು ತೆಲುಗು.

ಓಬಣ್ಣ ಸ್ನಾನ ಮಾಡಿ, ಒಗೆದ ಪಂಚೆ ಉಟ್ಟು, ಹಣೆಗೆ ಕುಂಕುಮವಿಟ್ಟು ಬಾಗಿಲಲ್ಲೇ ನಿಂತಿದ್ದರು. "ರಾಂಡಿ, ರಾಂಡಿ. ಬರ್ರಿ ಸಾರ್" ಎಂದು ಎರಡೂ ಭಾಷೆಯಲ್ಲಿ ಕರೆದರು. ಶಲ್ಯವನ್ನು ಹಳೆಯ ಪಂಚೆಯಲ್ಲಿ ಸುತ್ತಿಟ್ಟಿದ್ದರು. ಬಿಚ್ಚಿ ನನ್ನ ಮುಂದೆ ಹಾಸಿದರು. ಆ ಸಹಿಯನ್ನು ನಾನು ಕಾಗದದ ಮೇಲೆ ಎಷ್ಟೋ ಸಲ ನೋಡಿದ್ದೇನೆ. ಮೊದಲಕ್ಷರದ ಕೊಂಕು, ಕೊನೆಯಲ್ಲಿ ಕೆಳಗೆ ಎಳೆದ ಗೆರೆ, ಎಲ್ಲವೂ ಅವರದೇ. ರೇಷ್ಮೆಯ ಮೇಲೆ ಇಷ್ಟು ಕಪ್ಪಗೆ, ಇಷ್ಟು ಚೊಕ್ಕವಾಗಿ ಉಳಿದದ್ದನ್ನು ಮಾತ್ರ ಎಲ್ಲೂ ಕಂಡಿರಲಿಲ್ಲ.

ಅನುಮಾನ ಬಂದದ್ದು ಆ ಚೊಕ್ಕತನದಿಂದಲೇ. ಇಂಕು ಬಟ್ಟೆಗೆ ಬಿದ್ದರೆ ಎಳೆ ಹಿಡಿದು ಅಷ್ಟಿಷ್ಟಾದರೂ ಹರಡುತ್ತದೆ. ಇಲ್ಲಿ ಹರಡಿರಲಿಲ್ಲ. ಭೂತಗನ್ನಡಿ ಹಿಡಿದು ನೋಡಿದೆ. ತಿರುಗಿಸಿ ನೋಡಿದೆ. ಹಿಂದೆಯೂ ಮುಂದಿನಷ್ಟೇ ಕಪ್ಪು. ಇಂಕು ಎಲ್ಲೂ ಇರಲಿಲ್ಲ, ಇದ್ದದ್ದು ಕಪ್ಪು ರೇಷ್ಮೆ ಎಳೆ.

"ಓಬಣ್ಣನವರೇ, ಇದರಲ್ಲಿ ಏನಾದರೂ ಕೆಲಸ ಮಾಡಿದೀರಾ?"

ಅವರ ಮುಖ ಅರಳಿತು. ಯಾರಾದರೂ ಕೇಳಲಿ ಎಂದು ಕಾದಿದ್ದವರಂತೆ ಹತ್ತಿರ ಸರಿದರು. "ನಿಮಗೆ ಗೊತ್ತಾತಲ್ಲ ಸಾರ್. ಬೇರೆ ಯಾರಿಗೂ ಗೊತ್ತಾಗಿಲ್ಲ. ಆ ಇಂಕು ಬರ್ತಾ ಬರ್ತಾ ರೇಷ್ಮೆ ತಿಂತು. ಮುಟ್ಟಿದ್ರೆ ಪುಡಿ. ಮೊದ್ಲು ಬಾಲ ಹೋತು, ಆಮೇಲೆ ನಡುವಿಂದು. ನಮ್ ಕಣ್ಣೆದುರು ಎಳೆ ಹರಿದಿದ್ರೆ ಸುಮ್ನೆ ಕೂರಾಕೆ ಆಗಲ್ಲ. ಒಂದೆಳೆ ಹೋದಂಗೆ ಅದೇ ಜಾಗಕ್ಕೆ ಒಂದೆಳೆ ಕೂಡ್ಸಿದೆ. ಕೂದಲಷ್ಟೂ ಆಚೆ ಈಚೆ ಆಗಿಲ್ಲ."

"ಹಳೇ ಎಳೆಗಳು?"

"ಅವು ಪುಡಿ ಸಾರ್. ಗುಡಿಸಿದ್ವಿ."

ಹಳೆಯ ಕಾಲದ ಕೆಲವು ಇಂಕು ರೇಷ್ಮೆಯನ್ನು ತಿನ್ನುತ್ತದೆ, ನಿಜ. ಅರ್ಧ ಪುಡಿಯಾದ ಸಹಿಯಾಗಿದ್ದರೂ, ನಾಲ್ಕು ಎಳೆಯ ಮೇಲೆ ಮಸಿ ಉಳಿದಿದ್ದರೂ ನಾನು ಧೈರ್ಯವಾಗಿ ಬರೆದುಕೊಡುತ್ತಿದ್ದೆ. ಈಗ ಅದರಲ್ಲಿ ಆ ಮುಖಂಡರ ಪೆನ್ನು ಮುಟ್ಟಿದ ಒಂದು ಎಳೆಯೂ ಇಲ್ಲ. ಸಹಿ ಹೋಗಬಾರದೆಂದು ಪಟ್ಟ ಪಾಡಿನಲ್ಲೇ ಸಹಿ ಪೂರ್ತಿ ಹೋಗಿತ್ತು. ಪದ್ಮಾ ತಂದಿಟ್ಟ ಕಾಫಿಯನ್ನು ಹಾಗೇ ಬಿಟ್ಟು, ಇದನ್ನು ಅವರ ಸಹಿ ಎಂದು ಬರೆದುಕೊಡಲಾರೆ ಎಂದು ಮೆತ್ತಗೆ ಹೇಳಿದೆ.

ಓಬಣ್ಣ ಅರ್ಥವಾಗದೆ ಮಗಳ ಮುಖ ನೋಡಿದರು. ಅವಳು ತೆಲುಗಿನಲ್ಲಿ ಇನ್ನೊಮ್ಮೆ ಹೇಳಿದಳು, ಹೇಳುವಾಗ ತಂದೆಯ ಕಡೆ ನೋಡಲಿಲ್ಲ.

"ಅಂದ್ರೆ, ಅವ್ರ ಸಹಿ ನಾನು ಹಾಕಿದಂಗಾತಲ್ಲ" ಎಂದರು.

"ಹಾಗಲ್ಲ. ನೀವು ಉಳಿಸೋಕೆ ನೋಡಿದ್ರಿ."

"ಒಬ್ಬರ ಸಹಿ ಇನ್ನೊಬ್ಬ ಹಾಕಿದ್ರೆ ಕಳ್ಳ ಸಹಿ ಅಂತಾರೆ ಸಾರ್. ನಾನು ಬಂದೋರಿಗೆಲ್ಲ ತೋರಿಸ್ದೆ. ಅವ್ರದು ಅಂತ ಹೇಳಿ ತೋರಿಸ್ದೆ."

ಇದು ನಿಮ್ಮ ನೇಯ್ಗೆ, ಇದಕ್ಕೂ ಬೆಲೆಯಿದೆ, 'ಓಬಣ್ಣ ಮರಳಿ ನೇಯ್ದ ಸಹಿ' ಎಂದೇ ಬರೆದುಕೊಡುತ್ತೇನೆ, ಭವನದವರು ಇಟ್ಟುಕೊಂಡರೂ ಇಟ್ಟುಕೊಂಡಾರು ಎಂದೆ. ಅವರು ಬೇಡವೆಂದು ತಲೆಯಾಡಿಸಿದರು. "ನಮ್ಮಪ್ಪ ಕೊಡು ಅಂದಿದ್ದು ಅವ್ರ ಕೈಯಿಂದು. ನನ್ನ ಕೈಯಿಂದು ಅಲ್ಲ." ಆಮೇಲೆ ಶಲ್ಯ ಮಡಚಿದರು. ಹೊರಡುವಾಗ, "ಎಲ್ಲಾದ್ರೂ ಬರದ್ರೆ ಅವ್ರ ಹೆಸ್ರು ಹಾಕಬ್ಯಾಡ್ರಿ" ಎಂದಷ್ಟೇ ಹೇಳಿದರು.

ಮಧ್ಯಾಹ್ನದ ಬಸ್ಸು ಖಾಲಿಯಿತ್ತು. ಕಿಟಕಿಯ ಪಕ್ಕ ಸೀಟು ಸಿಕ್ಕಿದರೂ ಹೊರಗೆ ನೋಡುವ ಮನಸ್ಸಾಗಲಿಲ್ಲ. ಚಳ್ಳಕೆರೆಯಲ್ಲಿ ಒಬ್ಬರು ನನ್ನ ಸತ್ಯವನ್ನು ಕೇಳಿ ಊಟಕ್ಕೆ ಕರೆದಿದ್ದರು. ಇಲ್ಲಿ ಅದೇ ಸತ್ಯ ಒಬ್ಬ ಮನುಷ್ಯನನ್ನು ಅವನದೇ ಮನೆಯಲ್ಲಿ ಕಳ್ಳನನ್ನಾಗಿ ಮಾಡಿತ್ತು. ಭೂತಗನ್ನಡಿಯನ್ನು ನಮ್ಮ ಮನೆಯಲ್ಲೇ ಮರೆತು ಬಂದಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಂಡೆ.

ಚಳ್ಳಕೆರೆ ಹತ್ತಿರ ಬಂದಾಗ ಪದ್ಮಾಳ ಫೋನು ಬಂತು.

"ಸಾರ್, ನೀವು ಹೋದಾಗಿಂದ ನಾಯನ ಉಂಡಿಲ್ಲ. ಸೂಜಿ ಹಿಡ್ಕಂಡು ಕುಂತವ್ರೆ. ಕರೀ ಎಳೆ ಎಲ್ಲಾ ಬಿಚ್ತಾ ಅವ್ರೆ. ಕಡೇ ಗೆರೆ ಒಂದು ಉಳದೈತೆ."

"ಫೋನ್ ಅವರ ಕೈಗೆ ಕೊಡಮ್ಮ" ಎಂದೆ. ಸಾಕು, ನಿಲ್ಲಿಸಿ, ಅಷ್ಟಾದರೂ ಇರಲಿ ಎಂದು ಬೇಡಿಕೊಂಡೆ. ಬಸ್ಸಿನವರೆಲ್ಲ ನನ್ನ ಕಡೆ ತಿರುಗಿದರು. ಓಬಣ್ಣ ಪೂರ್ತಿ ಕೇಳಿಸಿಕೊಂಡರು.

"ಸಾರ್, ಒಂದು ಕೇಳ್ತೀನಿ" ಎಂದರು. "ಬಟ್ಟೇಲಿ ತೂತು ಬಿಟ್ಟು ನಂಗೆ ಅಭ್ಯಾಸಿಲ್ಲ. ಆ ಜಾಗಕ್ಕೆ ಬಿಳೀ ಎಳೆ ಕೂಡ್ಸಿದ್ರೆ ಅದೂ ಕಳ್ಳ ಕೆಲಸ ಆಗತೈತಾ?"

"ಇಲ್ಲ" ಎಂದೆ.

"ಹಂಗಾರೆ ಸರಿ" ಎಂದು ಅವರು ಫೋನನ್ನು ಮಗಳ ಕೈಗೆ ಕೊಟ್ಟರು.