ದಾಸವಾಳಕ್ಕೆ ಹೋದ ನೀರು

ಅಲ್ರೀ ಗೆಳತಿಯರೇ, ನನಗೆ ಇನ್ನೂ ನಂಬಲಾಗುತ್ತಿಲ್ಲ. ಮಗಳಿಗೆ ನೀರು ಕುಡಿಯುವ ಅಭ್ಯಾಸವಾಗಲಿ ಎಂದು ದಿನಾ ದೊಡ್ಡ ಬಾಟಲಿ ತುಂಬಿ ಶಾಲೆಗೆ ಕಳಿಸುತ್ತೇನೆ. ಸಂಜೆ ಅದು ಖಾಲಿಯಾಗಿ ಬರುತ್ತಿತ್ತು. ಕೋಥರೂಡದ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ ಎಲ್ಲರಿಗೂ ಹೇಳಿಕೊಂಡು ಮೆರೆದಿದ್ದೆ.

ಇವತ್ತು ಆಫೀಸಿನಿಂದ ಬೇಗ ಹೊರಟು ಅವಳನ್ನು ಕರೆತರಲು ಹೋದೆ. ಶಾಲೆಯ ಗೇಟಿನ ಒಳಗೊಂದು ದಾಸವಾಳದ ಗಿಡ. ಅದರ ಸುತ್ತ ಆರನೇ ಕ್ಲಾಸಿನ ಹುಡುಗಿಯರೆಲ್ಲ ನಿಂತು ಬಾಟಲಿ ಬಗ್ಗಿಸಿ ನೀರು ಸುರಿಯುತ್ತಿದ್ದಾರೆ. ನನ್ನ ಮಗಳು ಎಲ್ಲರಿಗಿಂತ ಮುಂದೆ!

“ಏನ್ ಮಾಡ್ಲಿಕತ್ತಿ ನೀ?” ಎಂದು ಚೀರಿದೆ.

“ತುಂಬಿದ ಬಾಟಲಿ ತಂದ್ರ ನೀ ಬೈತಿಯಲ್ಲವ್ವಾ.”

“ಕುಡೀಲಿಕ್ಕ ಏನ್ ಧಾಡಿ ನಿನಗ?”

ಅವಳು ದನಿ ತಗ್ಗಿಸಿದಳು. “ಸಂಡಾಸದ ಬಾಗಿಲಕ್ಕ ಚಿಲಕಾನ ಇಲ್ಲ. ನೀರು ಕುಡದ್ರ ಹೋಗಬೇಕಾಗ್ತದ. ಅದಕ್ಕ ನಾವ್ಯಾರೂ ಕುಡಿಯೂದಿಲ್ಲ.”

ಇಡೀ ದಿನ, ಈ ಬಿಸಿಲಲ್ಲಿ, ಒಂದು ಗುಟುಕೂ ಇಲ್ಲದೆ!

ಬರುವಾಗ ಹಾರ್ಡ್‌ವೇರ್ ಅಂಗಡಿಯಿಂದ ಚಿಲಕ, ಸ್ಕ್ರೂ ತಂದಿದ್ದೇನೆ. ನಾಳೆ ಹೆಡ್‌ಮೇಡಂ ಎದುರಿಗೇ ನಿಂತು ಹಾಕಿಸುತ್ತೇನೆ. ದಾಸವಾಳಕ್ಕೆ ಇನ್ನು ಮುಂದೆ ಶಾಲೆಯವರೇ ನೀರು ಹಾಕಿಕೊಳ್ಳಲಿ.