ಪೆಡಲಿನ ಕೆಳಗೆ ಅರ್ಧ ಲಟ್ಟಣಿಗೆ

ಕಲ್ಯಾಣದ ಪೇಟೆಯಲ್ಲಿ ಜಲಾಲುದ್ದೀನನ ಮನೆ ಯಾವುದೆಂದು ಕೇಳಿದರೆ ಹತ್ತು ಜನ ಹತ್ತು ಕಡೆ ಕೈ ತೋರಿಸುತ್ತಿದ್ದರು. ‘ಇಂಜಿನ್ ಸುಟ್ಟ ಜಲಾಲ’ ಎಂದರೆ ಮಾತ್ರ ಎಲ್ಲರ ಬೆರಳೂ ಕೋಟೆಯ ಹಿಂದಿನ ಒಂದೇ ಮನೆಯತ್ತ ತಿರುಗುತ್ತಿತ್ತು. ಹನ್ನೆರಡು ವರ್ಷದ ಹಿಂದೆ ಜಾಗೀರದಾರರ ಹೊಚ್ಚ ಹೊಸ ಮೋಟಾರನ್ನು, ಅದು ಬಂದ ನಾಲ್ಕನೆಯ ದಿನವೇ ಕೆಡಿಸಿ ನಿಲ್ಲಿಸಿದ ಡ್ರೈವರ್ ಈತ. ಬೆಂಕಿಯೇನೂ ಹತ್ತಿರಲಿಲ್ಲ. ಒಳಗೆ ಪಿಸ್ಟನ್ ಕಾದು, ಹಿಗ್ಗಿ, ಸಿಲಿಂಡರಿಗೆ ಕಚ್ಚಿಕೊಂಡು ಇಂಜಿನ್ ಬಿಗಿದು ನಿಂತಿತ್ತು. ಊರಿಗೆ ಅಷ್ಟೆಲ್ಲ ವಿವರ ಯಾಕೆ ಬೇಕು? ಸುಟ್ಟ ಎಂದರೆ ಸುಟ್ಟ.

ಜಲಾಲುದ್ದೀನ ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದ: “ನಾ ಏನ್ ಮಾಡ್ಲಿ? ಲಗೂನ ಹೋಗಿ ಬಾ ಅಂತ ಹುಕುಂ ಆಗಿತ್ತು, ಬಿಟ್ಟೆ.” ಅದು ಶುದ್ಧ ಸುಳ್ಳು. ಜಾಗೀರದಾರರು ಹುಮನಾಬಾದಿಗೆ ಒಂದು ಕಾಗದ ಕೊಟ್ಟು ಕಳಿಸಿದ್ದರು, ಸಾವಕಾಶ ಹೋಗು ಎಂದೂ ಹೇಳಿದ್ದರು. ಕಾಗದ ಮುಟ್ಟಿಸಿದವನು ಅಲ್ಲಿಂದ ತಿರುಗಿ ಬರಬೇಕಿತ್ತಲ್ಲ? ಹೊಸ ಹೆಂಡತಿ ಗೌಹರ ಹತ್ತಿರದ ಹುಡಗಿ ಎಂಬ ಊರಿನ ತವರಿನಲ್ಲಿದ್ದಳು. ಅವಳೆದುರು ಮೋಟಾರು ನಿಲ್ಲಿಸಿ ಮೀಸೆ ತಿರುವಬೇಕೆಂಬ ಆಸೆ ಹುಟ್ಟಿ, ಹುಡಗಿಯ ರಸ್ತೆ ಹಿಡಿದು ಕಾಲಿನ ಬಲವನ್ನೆಲ್ಲ ಪೆಡಲಿನ ಮೇಲೆ ಹಾಕಿದ. ಊರು ಇನ್ನೂ ಎರಡು ಮೈಲಿ ಇರುವಾಗ ಒಂದು ಜಾಲಿಮರದ ಹತ್ತಿರ ಎಲ್ಲ ಮುಗಿಯಿತು. ಮೋಟಾರು ತಂದು ತೋರಿಸುತ್ತೇನೆಂದು ಅವನು ಮೊದಲೇ ಹೇಳಿ ಕಳಿಸಿದ್ದರಿಂದ ಓಣಿಯ ತುದಿಯಲ್ಲಿ ಕಾದು ನಿಂತಿದ್ದ ಗೌಹರಳಿಗೆ ಕಂಡದ್ದು ಮೋಟಾರಲ್ಲ, ಮೈಯೆಲ್ಲ ಎಣ್ಣೆ ಮೆತ್ತಿಕೊಂಡು ನಡೆದು ಬರುತ್ತಿದ್ದ ಗಂಡ.

ಜಾಗೀರದಾರರು ಪೇಟೆಯ ಮಾತಿಗೆ ಉತ್ತರ ಕೊಡುವವರಲ್ಲ. ಹೀಗಾಗಿ ಸುಳ್ಳು ಉಳಿಯಿತು, ಅಡ್ಡಹೆಸರೂ ಉಳಿಯಿತು. ಅವನನ್ನು ಹಳೆಯ ಲಾರಿಗೆ ಹಾಕಿದರು. ಆಮೇಲೆ ಹೊಸ ಗಾಡಿಯನ್ನು ಯಾರೂ ಅವನ ಕೈಗೆ ಕೊಡಲಿಲ್ಲ. ಒಂದೇ ಒಂದು ಹೊಸ ಇಂಜಿನ್ನನ್ನು ಸುರಕ್ಷಿತವಾಗಿ ಪಳಗಿಸಿ ತೋರಿಸಿ ಸಾಯಬೇಕೆಂಬುದು ಅವನ ಎದೆಯೊಳಗಿನ ಮುಳ್ಳಾಗಿತ್ತು.

ಸಾವಿರದ ಒಂಬೈನೂರ ನಲವತ್ತೊಂಬತ್ತರಲ್ಲಿ ಜಾಗೀರುಗಳು ಹೋದವು, ಜೊತೆಗೆ ಲಾರಿಯೂ ಹೋಯಿತು. ಆ ಚಳಿಗಾಲದಲ್ಲೇ ಹುಮನಾಬಾದಿನ ತೊಗರಿ ವ್ಯಾಪಾರಿ ಬಕ್ಕಪ್ಪ ಹೈದರಾಬಾದಿನಿಂದ ಹೊಸ ಕರಿ ಮೋಟಾರು ತರಿಸಿದ ಸುದ್ದಿ ಬಂತು. ಜಲಾಲುದ್ದೀನ ಮರುದಿನವೇ ಹೋಗಿ ಅವನ ಪಡಸಾಲೆಯಲ್ಲಿ ನಿಂತ.

“ಸಾವ್ಕಾರ್ರೆ, ಕೆಲಸ ಕೊಡ್ರಿ. ಆದ್ರ ಒಂದ್ ಶರತ್ತದ. ಮೊದಲಿನ ಐನೂರು ಮೈಲಿ ನನ್ನ ಮಾತು ನಡೀಬೇಕು. ಮೂವತ್ತರ ಮ್ಯಾಲ ಹೋಗಂಗಿಲ್ಲ, ನಾಲ್ಕ ಮಂದಿ ಮ್ಯಾಲ ಕೂಡಂಗಿಲ್ಲ. ಐನೂರು ಮುಗಿದ ದಿನ ಎಣ್ಣಿ ಬದಲಿ ಮಾಡೂಣು. ಆ ಮ್ಯಾಲ ನೀವು ಹೇಳಿದಂಗ.”

ಬಕ್ಕಪ್ಪ ಹುಬ್ಬು ಏರಿಸಿದ. “ನಾ ಹೊಸಾ ಗಾಡಿ ತಂದದ್ದು ಮೆಲ್ಲಕ ಹೋಗಾಕೇನು? ಎತ್ತಿನ ಗಾಡಿ ಮನ್ಯಾಗ ಇತ್ತಲ್ಲ.”

“ಹೊಸಾ ಲೋಹ ಒರಟಿರ್ತದ್ರಿ. ಒಂದಕ್ಕೊಂದು ತಿಕ್ಕಿ ತಿಕ್ಕಿ ನುಣುಪಾಗಬೇಕು. ಅಷ್ಟರಾಗ ಅವಸರ ಮಾಡಿದ್ರ ಕಾದು ಕಚ್ಕೊಂಡು ಬಿಡ್ತಾವ.”

ಮೊರದಲ್ಲಿ ತೊಗರಿ ಹಸನು ಮಾಡುತ್ತ ಕೂತಿದ್ದ ಬಕ್ಕಪ್ಪನ ತಾಯಿ ಭಾಗಮ್ಮ ತಲೆ ಎತ್ತಿದಳು. ಮೈಲಿ, ಪಿಸ್ಟನ್ ಅವಳಿಗೆ ತಿಳಿಯದು. ಆದರೆ ವಿಷಯ ಪೂರಾ ತಿಳಿಯಿತು.

“ಹಸಿ ಬಾಣಂತಿನ್ನ ಯಾರರೆ ಓಡಸ್ತಾರೇನೋ ಬಕ್ಕಾ? ನಲವತ್ತ ದಿನ ಮೈ ಕೂಡಬೇಕು. ಆ ತಮ್ಮ ಹೇಳಾಕತ್ತದ್ದು ಖರೆ ಅದ.”

ತಾಯಿಯ ಮಾತಿನ ಮೇಲೆ ಬಕ್ಕಪ್ಪನ ಮಾತು ಆ ಮನೆಯಲ್ಲಿ ಎಂದೂ ನಡೆದದ್ದಿಲ್ಲ. ಅಂದಿನಿಂದ ಮೋಟಾರಿಗೆ ಬಾಣಂತನ ಶುರುವಾಯಿತು. ಬೆಳಿಗ್ಗೆ ಲೋಬಾನದ ಹೊಗೆ, ಬಾನೆಟ್ಟಿನ ಮೇಲೊಂದು ಕಾಡಿಗೆಯ ಬೊಟ್ಟು, ಚಳಿಗೆ ಹಳೆಯ ಕೌದಿ. ಕೌದಿಯನ್ನು ಜಲಾಲುದ್ದೀನ ಮನಸಾರೆ ಒಪ್ಪಿದ. ಭಾಗಮ್ಮ ಒಂದು ಚೆಂಬು ಓಮಿನ ಕಷಾಯ ತಂದು “ಎಲ್ಲಿ ಹಾಕ್ಲಿ?” ಎಂದಾಗ ಮಾತ್ರ ಎರಡೂ ಕೈ ಮುಗಿದ. “ಅವ್ವಾರೆ, ಇದು ಬರೇ ನೀರು ಕುಡೀತದ್ರಿ.” ಮುದುಕಿಯ ಮುಖ ಸಣ್ಣದಾಯಿತು. ಅವಳ ಮನಸ್ಸು ಮುರಿಯಲಾರದೆ ಕಷಾಯವನ್ನು ತಾನೇ ಗಟಗಟ ಕುಡಿದ. ಮುಂದೆ ದಿನಾ ಕುಡಿಯಬೇಕಾಗಿ ಬಂದದ್ದು ಅವನ ಕರ್ಮ.

ಗಂಡಹೆಂಡತಿ ಹುಮನಾಬಾದಿನಲ್ಲೇ ಒಂದು ಕೋಣೆ ಹಿಡಿದಿದ್ದರು. ಶರತ್ತಿನ ಸಂಗತಿಯನ್ನು ಜಲಾಲುದ್ದೀನ ಎದೆಯುಬ್ಬಿಸಿ ಹೇಳಿದಾಗ ಗೌಹರ ಕಣಕ ನಾದುತ್ತಲೇ ಕೇಳಿದಳು:

“ಅಜೀ, ಸಾವ್ಕಾರ್ರು ಮಾತು ಕೇಳ್ತಾರ. ನಿಮ್ಮ ಕಾಲು ಕೇಳ್ತದೇನು?”

ಅವಳೆದ್ದು ಮೂಲೆಯಲ್ಲಿ ಬಿದ್ದಿದ್ದ ಮುರಿದ ಲಟ್ಟಣಿಗೆಯ ಅರ್ಧ ತುಂಡನ್ನು ತಂದು ಅವನ ಕೈಯಲ್ಲಿಟ್ಟಳು. “ಇದನ್ನ ಪೆಡಲಿನ ಕೆಳಗ ಇಡ್ರಿ. ಕಟ್ಟಿಗಿಗೆ ಆಸೆ ಇರಂಗಿಲ್ಲ.”

ಮರುದಿನ ಅವನು ಅದನ್ನು ಕೆತ್ತಿ, ಮೂವತ್ತಕ್ಕೆ ಮೀಟರಿನ ಮುಳ್ಳು ನಿಲ್ಲುವಷ್ಟು ಎತ್ತರ ಉಳಿಸಿ, ಪೆಡಲಿನ ಕೆಳಗೆ ಹುರಿಯಿಂದ ಕಟ್ಟಿದ. ಯಾರಿಗೂ ಹೇಳಲಿಲ್ಲ.

ಹುಮನಾಬಾದಿನಿಂದ ಕಲ್ಯಾಣಕ್ಕೆ ಹೋಗಿ ಬಂದರೆ ಹೆಚ್ಚುಕಡಿಮೆ ನಲವತ್ತು ಮೈಲಿ. ಬಕ್ಕಪ್ಪನ ವ್ಯಾಪಾರಕ್ಕೆ ವಾರದಲ್ಲಿ ಎರಡು ಮೂರು ಸಲ ಆ ದಾರಿ ಇದ್ದೇ ಇತ್ತು. ಜಲಾಲುದ್ದೀನ ಮೊದಲು ಇಂಜಿನ್ ಚಾಲು ಮಾಡಿ, ನೀರು ಬೆಚ್ಚಗಾಗುವವರೆಗೆ ಬಾನೆಟ್ಟಿಗೆ ಕಿವಿಗೊಟ್ಟು ನಿಲ್ಲುತ್ತಿದ್ದ. ರಸ್ತೆಯಲ್ಲಿ ಒಂದೇ ವೇಗಕ್ಕೆ ಕಟ್ಟಿಹಾಕುತ್ತಿರಲಿಲ್ಲ. ಇಪ್ಪತ್ತು, ಇಪ್ಪತ್ತೈದು, ಮೂವತ್ತು, ಮತ್ತೆ ಇಪ್ಪತ್ತೆರಡು. ಏರು ಬಂತೆಂದರೆ ಇಂಜಿನ್ ಏದುವ ಮೊದಲೇ ಗೇರು ಇಳಿಸುತ್ತಿದ್ದ. ಅದು ಹಗುರಾಗಿ ಉಸಿರಾಡುತ್ತ ಏರು ಹತ್ತುವಾಗ ಅವನಿಗಾಗುತ್ತಿದ್ದ ಸುಖವನ್ನು ನಾನು ಏನೆಂದು ಬರೆಯಲಿ!

ಬಕ್ಕಪ್ಪನಿಗೆ ಮಾತ್ರ ಜೀವ ಹೋಗುತ್ತಿತ್ತು. ಎಲ್ಲರೂ ದಾಟಿ ಹೋಗುವವರೇ. ಬಸ್ಸಿನವರು ಕೈಬೀಸಿ ಹೋದರು. ಒಮ್ಮೆ ಇಳಿಜಾರಿನಲ್ಲಿ ಒಬ್ಬ ಸೈಕಲ್ಲಿನವನೂ ಹೋದ, ಅದೂ ಹಿಂದೆ ಹೆಂಡತಿಯನ್ನು ಕೂಡಿಸಿಕೊಂಡು. ಕಲ್ಯಾಣದ ಪೇಟೆಯಲ್ಲಿ ಸ್ಟೇರಿಂಗ್ ಹಿಡಿದವನನ್ನು ನೋಡಿ ಜನ ನಗುತ್ತಿದ್ದರು: “ಅರೆ, ಸುಟ್ಟ ಜಲಾಲ! ಈ ಸಲ ಎಷ್ಟ ದಿನಕ್ಕ?” ಜಲಾಲುದ್ದೀನನಿಗೆ ಅದು ನಾಟುತ್ತಿತ್ತು, ನಾನು ಸುಳ್ಳು ಹೇಳುವುದಿಲ್ಲ. ಅಂಥ ದಿನ ಬಲಗಾಲು ಪೆಡಲಿನ ಮೇಲೆ ಭಾರವಾಗುತ್ತಿತ್ತು, ಕಟ್ಟಿಗೆ ತಡೆಯುತ್ತಿತ್ತು.

ಮೀಟರಿನಲ್ಲಿ ನಾನೂರ ಅರವತ್ತೊಂದು ಮೈಲಿ ಇದ್ದ ದಿನ ಮೂವರೂ ಕಲ್ಯಾಣಕ್ಕೆ ಹೊರಟಿದ್ದರು. ಮುಂದೆ ಬಕ್ಕಪ್ಪ, ಹಿಂದೆ ತಂಗಿಯನ್ನು ನೋಡಲು ಹೊರಟಿದ್ದ ಭಾಗಮ್ಮ. ಹಿಂದಿನಿಂದ ಹಾರ್ನು ಕೇಳಿಸಿತು. ಕಲ್ಯಾಣದ ಅರಿವೆ ವ್ಯಾಪಾರಿ ಭೀಮಶಾ, ತಾಡಪಾಲಿನ ಚಪ್ಪರದ ತನ್ನ ಹಳೆಯ ಮೋಟಾರಿನಲ್ಲಿ ಪಕ್ಕಕ್ಕೆ ಬಂದ. ಹಲ್ಲು ಕಿರಿದು ಕೂಗಿದ:

“ಬಕ್ಕಪ್ಪಣ್ಣಾ, ನಮ್ಮ ಎತ್ತು ಕಳಸ್ಲೇನು? ಮುಂದ ಕಟ್ಕೋರಿ!”

ಧೂಳು ಎಬ್ಬಿಸಿ ಮುಂದೆ ಹೋದ. ಬಕ್ಕಪ್ಪ ಕೆಂಪಾದ.

“ಜೋರ ಬಿಡು ಜಲಾಲಸಾಬ! ಶರತ್ತು ಹಾಳಾಗಿ ಹೋಗ್ಲಿ!”

ನಿಜ ಹೇಳಬೇಕೆಂದರೆ ಆ ಅಪ್ಪಣೆಗೆ ಮೊದಲೇ ಜಲಾಲುದ್ದೀನನ ಕಾಲು ಪೆಡಲನ್ನು ತುಳಿದಾಗಿತ್ತು. ಹನ್ನೆರಡು ವರ್ಷದ ಹಂಬಲ, ಕೊಟ್ಟ ಮಾತು, ಎಲ್ಲವೂ ಆ ಧೂಳಿನಲ್ಲಿ ಮರೆತಿತ್ತು. ಪೆಡಲು ಠಕ್ಕೆಂದು ಕಟ್ಟಿಗೆಗೆ ಬಡಿದು ನಿಂತಿತು. ಮುಳ್ಳು ಮೂವತ್ತರಿಂದ ಕದಲಲಿಲ್ಲ.

“ಯಾಕ ಹೋಗವಲ್ದು?” ಬಕ್ಕಪ್ಪ ಬಗ್ಗಿ ನೋಡಿದ. “ಏನಿದು? ನಿಲ್ಸು ಗಾಡಿ!”

ಗಾಡಿ ನಿಂತಿತು. ಬಕ್ಕಪ್ಪ ಹುರಿ ಕಿತ್ತು ಕಟ್ಟಿಗೆಯನ್ನು ಕೈಗೆತ್ತಿಕೊಂಡ. “ಲಟ್ಟಣಿಗಿ! ನನ್ನ ಗಾಡ್ಯಾಗ ನನಗ ಹೇಳದಂಗ ಕೀಲಿ ಹಾಕಿದಿ? ನನ್ನ ಮ್ಯಾಲ ಇಷ್ಟ ಭರೋಸಾ ಇಲ್ಲೇನು ನಿನಗ? ಇಳಿ ಕೆಳಗ.”

‘ಹೌದ್ರಿ, ನೀವು ಜೋರ ಬಿಡು ಅಂತೀರಂತ ಗೊತ್ತಿತ್ತು.’ ಈ ಉತ್ತರ ಜಲಾಲುದ್ದೀನನ ನಾಲಿಗೆಯ ತುದಿಯಲ್ಲೇ ಇತ್ತು. ನಂಬುವಂಥದ್ದು, ಕೆಲಸ ಉಳಿಸುವಂಥದ್ದು. ಹಳೆಯ ಸುಳ್ಳಿನ ತಮ್ಮನೇ. ಆದರೆ ಅಪ್ಪಣೆಗೆ ಮೊದಲೇ ತುಳಿದಿದ್ದ ಬಲಗಾಲು ಅದನ್ನು ಹೇಳಗೊಡಲಿಲ್ಲ. ಇಳಿದು ನಿಂತು ಹೇಳಿದ:

“ಅದು ನಿಮ್ಮ ಸಲುವಾಗಿ ಅಲ್ರಿ, ನನ್ನ ಕಾಲಿನ ಸಲುವಾಗಿ. ಈಗ ಸುದ್ದಾ ನೀವು ಹೇಳೂಕಿಂತ ಮೊದ್ಲೇ ನಾ ಒತ್ತಿದ್ದೆ. ಅವತ್ತೂ ನನಗ ಯಾರೂ ಜೋರ ಬಿಡು ಅಂದಿದ್ದಿಲ್ರಿ. ಹೆಂಡ್ತಿಗೆ ತೋರಸ್ಬೇಕಂತ ನಾನೇ ಓಡ್ಸಿದೆ, ನಾನೇ ಸುಟ್ಟೆ. ಹನ್ನೆರಡ ವರ್ಷ ಸುಳ್ಳ ಹೇಳ್ಕೋತ ಬಂದೀನಿ.”

ಬಕ್ಕಪ್ಪ ಕಟ್ಟಿಗೆಯನ್ನು ನೋಡಿದ, ಅವನನ್ನು ನೋಡಿದ. ನೌಕರಿ ಹೋಯಿತೆಂದೇ ಜಲಾಲುದ್ದೀನ ತಿಳಿದ. ಹೋದರೂ ಎದೆ ಹಗುರಾಗಿತ್ತು, ಅದೇ ಅವನಿಗೆ ಆಶ್ಚರ್ಯ.

ಹಿಂದಿನಿಂದ ಭಾಗಮ್ಮ ಕೇಳಿದಳು: “ಲಟ್ಟಣಿಗಿ ಕೊಟ್ಟಾಕಿ ಯಾರೋ ತಮ್ಮಾ?”

“ನನ್ನ ಹೆಂಡ್ತಿರಿ, ಅವ್ವಾರೆ.”

“ಹಂಗಾದ್ರ ಇಷ್ಟ ದಿನ ಗಾಡಿ ಹೊಡದಾಕಿ ಆಕಿ. ಆಕಿನ್ನ ಹ್ಯಾಂಗ ಬಿಡಸ್ತೀಯೋ ಬಕ್ಕಾ?”

ಬಕ್ಕಪ್ಪ ಬಿಗಿದ ತುಟಿಯನ್ನು ಹಿಡಿದಿಡಲು ನೋಡಿದ, ಆಗಲಿಲ್ಲ. ಹೊಟ್ಟೆ ಹಿಡಿದು ನಕ್ಕ. ಆಮೇಲೆ ಕಟ್ಟಿಗೆಯನ್ನು ಚಾಚಿದ. “ಹಿಡಿ, ಇದ್ದಲ್ಲೇ ಕಟ್ಟು. ಭೀಮಶಾ ಹೋಗಿ ಚಹಾ ಕುಡೀಲಿ. ನಾವು ಮುಟ್ಟೂತನಾ ಇನ್ನೊಂದು ಕುಡೀಲಿ.”

ಇವರು ಮುಟ್ಟಿದಾಗ ಭೀಮಶಾ ಎರಡನೆಯ ಕಪ್ಪಿನಲ್ಲೇ ಇದ್ದ. ಬಕ್ಕಪ್ಪ ಇಡೀ ಕತೆಯನ್ನು ಪೇಟೆಯ ನಡುವೆ ನಿಂತು ತಾನೇ ಹೇಳಿದ. ಆ ದಿನದಿಂದ ‘ಸುಟ್ಟ’ ಹೋಗಿ ‘ಲಟ್ಟಣಿಗಿ ಜಲಾಲ’ ಎಂದಾಯಿತು. ಹಾಗೆ ಕರೆದರೆ ಅವನು ಓ ಎನ್ನುತ್ತಿದ್ದ.

ಐನೂರು ಮುಗಿದ ಮುಂಜಾನೆ ಬೇವಿನ ಮರದ ಕೆಳಗೆ ಎಣ್ಣೆ ಇಳಿಸಿದರು. ಕಪ್ಪು ಎಣ್ಣೆಯಲ್ಲಿ ಬೆರಳು ಅದ್ದಿ ಬಿಸಿಲಿಗೆ ಹಿಡಿದು ತೋರಿಸಿದ. ಲೋಹದ ಸಣ್ಣ ಸಣ್ಣ ಕಣಗಳು ಮಿನುಗಿದವು. “ಒರಟಿದ್ದದ್ದೆಲ್ಲಾ ಉದುರೇದ ನೋಡ್ರಿ.” ಭಾಗಮ್ಮ “ಬಾಣಂತನ ಮುಗೀತು” ಎಂದು ಮೋಟಾರಿಗೂ ಡ್ರೈವರಿಗೂ ಒಟ್ಟಿಗೇ ದೃಷ್ಟಿ ತೆಗೆದಳು. ಬಕ್ಕಪ್ಪ ಹೇಳಿದ: “ಜಲಾಲಸಾಬ, ಮೊದಲಿನ ಜೋರ ಓಟ ನಿನ್ನ ಹೆಂಡ್ತಿಗೆ. ಹುಡಗಿಗೆ ಕರ್ಕೊಂಡ ಹೋಗು.”

ಗೌಹರ ಬುರ್ಖಾದೊಳಗೆ ನಗುತ್ತ ಬಂದು ಕೂತಳು. ಪೆಡಲಿನ ಕೆಳಗಿನಿಂದ ತೆಗೆದ ಕಟ್ಟಿಗೆ ಅವಳ ಮಡಿಲಲ್ಲಿತ್ತು. ಹುಡಗಿಯ ರಸ್ತೆಯಲ್ಲಿ ಮುಳ್ಳು ಮೂವತ್ತು ದಾಟಿತು, ನಲವತ್ತಕ್ಕೆ ಬಂತು. ಇಂಜಿನ್ ನುಣ್ಣಗೆ ಹಾಡುತ್ತಿತ್ತು. ದೂರದಲ್ಲಿ ಆ ಜಾಲಿಮರ ಕಂಡದ್ದೇ ಜಲಾಲುದ್ದೀನನ ಕಾಲು ತಾನಾಗಿ ಮೇಲೆದ್ದಿತು. ಗಾಡಿ ನಿಧಾನವಾಯಿತು.

“ಅಜೀ, ಯಾಕ?”

“ಮರ ಬಂತು.”

“ಬರ್ಲಿ,” ಎಂದಳು ಗೌಹರ. “ಹನ್ನೆರಡ ವರ್ಷದಿಂದ ಓಣಿ ತುದೀಗೆ ಕಾಯಾಕತ್ತೇನಿ. ಒತ್ರಿ.”

ಅವನು ಒತ್ತಿದ. ಜಾಲಿಮರ ಹಿಂದೆ ಉಳಿಯಿತು.